ಹನ್ನೊಂದು ಗಂಟೆಯ ಹಾಲು

ಚನ್ನಪಟ್ಟಣದ ರೈಲ್ವೆ ನಿಲ್ದಾಣದಲ್ಲಿ ಬೆಳಗಿನ ಗಾಡಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು ತನ್ನ ಊಟದ ಡಬ್ಬಿಯ ಚೀಲ ಬಿಚ್ಚಿ ತೋರಿಸಿದಳು. ಡಬ್ಬಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಹಳೆಯ ಪಂಚೆ ಹರಿದು ನಾಲ್ಕು ಮಡಿಕೆ ಮಾಡಿಟ್ಟ ನಾಲ್ಕು ಬಟ್ಟೆ ತುಂಡುಗಳು. "ಎರಡು ಈಗ ಒಳಗಿಟ್ಕೊಂಡಿದೀನಿ, ಇವು ಆಮೇಲಕ್ಕೆ. ಹನ್ನೊಂದು ಗಂಟೆಗೆಲ್ಲ ರವಿಕೆ ನೆಂದುಹೋಗುತ್ತೆ ಮೇಡಂ. ಮಗು ಅಲ್ಲಿ ಅಳೋ ಹೊತ್ತಿಗೆ ಸರಿಯಾಗಿ ಇಲ್ಲಿ ಇಳಿಯುತ್ತೆ" ಎಂದಳು. ಮಗುವಿಗೆ ಐದೂವರೆ ತಿಂಗಳು. ಅತ್ತೆಯ ಬಳಿ ಬಿಟ್ಟು ಬಂದಿದ್ದಳು. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಕೆಲಸ; ರಜೆ ಮುಗಿದು ಅದು ಎರಡನೆಯ ವಾರ.

ನಾಲ್ಕನೆಯ ವಾರದ ಹೊತ್ತಿಗೆ ಆ ಬಟ್ಟೆ ತುಂಡುಗಳು ಬೇಕಾಗುವುದಿಲ್ಲ ಎಂದು ಅವಳ ಜೊತೆಯವರು ಅವಳಿಗೆ ಸಮಾಧಾನ ಹೇಳಿದ್ದರಂತೆ. ಅವರು ಹೇಳಿದ್ದು ನಿಜ. ಅಷ್ಟರಲ್ಲಿ ಹಾಲು ಬತ್ತತೊಡಗಿರುತ್ತದೆ.

ಅದು ಏಕೆ ಬತ್ತುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಉಳಿದ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಎದೆಹಾಲು ತೊಟ್ಟಿಯಲ್ಲಿ ತುಂಬಿಟ್ಟ ನೀರಿನಂತಲ್ಲ, ಬೆಳಿಗ್ಗೆ ಬಿಟ್ಟರೆ ಸಂಜೆ ಅಷ್ಟೇ ಇರುತ್ತದೆ ಎನ್ನಲು. ಮಗು ಚೀಪಿದಾಗ ತಾಯಿಯ ಮಿದುಳಿನಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಉತ್ಪತ್ತಿ ಮಾಡಿಸುತ್ತದೆ, ಆಕ್ಸಿಟೋಸಿನ್ ಅದನ್ನು ಕೆಳಗಿಳಿಸುತ್ತದೆ. ಮಗುವಿನ ನೆನಪಾದರೂ, ಇನ್ನಾರದೋ ಕೂಸಿನ ಅಳು ಕಿವಿಗೆ ಬಿದ್ದರೂ ಹಾಲು ಇಳಿಯುವುದು ಈ ಎರಡನೆಯದರ ಕೆಲಸ. ಎದೆ ಎಷ್ಟು ಬರಿದಾಗುತ್ತದೋ ಅಷ್ಟು ಹೊಸದಾಗಿ ತುಂಬುತ್ತದೆ. ಎಂಟು ಹತ್ತು ಗಂಟೆ ಬರಿದಾಗದೆ ಉಳಿದರೆ ಮೊದಲು ಎದೆ ಕಲ್ಲಾಗುತ್ತದೆ, ನೋವು, ಕೆಲವೊಮ್ಮೆ ಬಾವು, ಜ್ವರ. ಆಮೇಲೆ ದೇಹವೇ 'ಇಷ್ಟು ಬೇಕಾಗಿಲ್ಲ' ಎಂದು ತೀರ್ಮಾನಿಸಿ ಉತ್ಪತ್ತಿಯನ್ನು ಇಳಿಸುತ್ತದೆ. ಹಾಲು ಬತ್ತುವುದು ತಾಯಿಯ ಅಶಕ್ತಿಯಿಂದಲ್ಲ, ದೃಷ್ಟಿ ತಗುಲಿಯೂ ಅಲ್ಲ. ಅವಳ ಮತ್ತು ಮಗುವಿನ ನಡುವೆ ಬಿದ್ದ ಗಂಟೆಗಳಿಂದ.

ಇನ್ನು ಆ ಗಂಟೆಗಳನ್ನು ನಮ್ಮ ಕಾನೂನು ಹೇಗೆ ಲೆಕ್ಕ ಹಾಕಿದೆ ನೋಡಿ. 1961ರ ಮಾತೃತ್ವ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, 12 ವಾರ ಇದ್ದ ಸಂಬಳಸಹಿತ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿತು. ಜಗತ್ತಿನ ಬಹಳ ದೇಶಗಳಲ್ಲಿ ಇಷ್ಟಿಲ್ಲ. ಈ ಕಾಯ್ದೆಯ ಅಂಶಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿವೆ, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಈ 26 ವಾರದಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹೊಲಿಗೆ ಯಂತ್ರದ ಮುಂದೆ ಇಡೀ ದಿನ ಕೂರುವ ತುಂಬು ಬಸುರಿಗೆ ಮುಂಚಿನ ಒಂದು ತಿಂಗಳಾದರೂ ಬೇಕೇ ಬೇಕು. ಹಾಗೆ 4 ವಾರ ಮೊದಲೇ ಖರ್ಚಾದರೆ ಉಳಿಯುವುದು 22 ವಾರ. ಅಂದರೆ ತಾಯಿ ಕೆಲಸಕ್ಕೆ ಮರಳುವಾಗ ಕೂಸಿಗೆ ಐದು ತಿಂಗಳು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಇನ್ನೇನೂ, ನೀರು ಕೂಡ, ಬೇಡ. ಅಲ್ಲಿಂದ ಮುಂದೆ ರಾಗಿ ಸರಿ, ಬೇಳೆಕಟ್ಟಿನ ಜೊತೆಗೆ ಎರಡು ವರ್ಷದವರೆಗೂ ಎದೆಹಾಲು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದಕ್ಕೂ ಆರಕ್ಕೂ ನಡುವಿನ ಆ ಒಂದು ತಿಂಗಳಲ್ಲೇ ನಮ್ಮ ಮನೆಗಳಿಗೆ ಹಾಲಿನಪುಡಿ ಡಬ್ಬಿ ಬರುವುದು.

ರಜೆ ಮುಗಿದ ಮೇಲಿನ ದಿನಗಳಿಗೆಂದೇ ಕಾನೂನಿನಲ್ಲಿ ಎರಡು ಏರ್ಪಾಡುಗಳಿವೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ವಿರಾಮ ಮೊದಲನೆಯದು. ಇದು ಊಟದ ವಿರಾಮದ ಜೊತೆಗೆ ಬೇರೆಯಾಗಿ ಸಿಗಬೇಕಾದದ್ದು. ಎರಡನೆಯದು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಕೆಲಸಕ್ಕೆ ಸೇರುವಾಗಲೇ ಇದನ್ನೆಲ್ಲ ಬರಹದಲ್ಲಿ ತಿಳಿಸಬೇಕೆಂದು 2017ರ ತಿದ್ದುಪಡಿ ಹೇಳಿತ್ತು. ನಾನು ಮಾತಾಡಿಸಿದ ಹೆಣ್ಣುಮಕ್ಕಳಲ್ಲಿ ಇಎಸ್‌ಐ ಕಾರ್ಡಿನ ಬಗ್ಗೆ, ಪಿಎಫ್ ಬಗ್ಗೆ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಹಾಲುಣಿಸುವ ವಿರಾಮ ತಮ್ಮ ಹಕ್ಕೆಂದು ಗೊತ್ತಿದ್ದವರೂ ಒಬ್ಬರು ಇರಲಿಲ್ಲ.

ಇದು ಹೊಸ ಉಪಾಯವೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ 1919ರಲ್ಲೇ ಮಾಡಿಕೊಂಡ ಒಪ್ಪಂದದಲ್ಲಿ ದಿನಕ್ಕೆ ಎರಡು ಸಲ ಅರ್ಧ ಅರ್ಧ ಗಂಟೆಯ ವಿರಾಮ ಇತ್ತು. ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 48ನೆಯ ಕಲಮು 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕು ಎಂದಿತ್ತು. ಇನ್ನು 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಂದು ತೀರ್ಪು ಕೊಟ್ಟಿದೆ. ಆಸ್ಪತ್ರೆಯಿಂದ ಕಳವಾಗಿ ಬೇರೊಬ್ಬರ ಮನೆಯಲ್ಲಿ ಬೆಳೆದ ಮಗು ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಅದು. ಹೆತ್ತ ತಾಯಿಗೆ ಮಗುವನ್ನು ಕೊಡಿಸುವಾಗ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಹಾಲುಣಿಸುವುದು ತಾಯಿಯಿಂದ ಕಸಿಯಲಾಗದ ಹಕ್ಕು, ಹಾಲುಣ್ಣುವ ಮಗುವಿನ ಹಕ್ಕೂ ಅದರೊಳಗೇ ಬೆರೆತಿದೆ, ಇದು ಸಂವಿಧಾನದ 21ನೆಯ ವಿಧಿ ಕಾಪಾಡುವ ಬದುಕಿನ ಹಕ್ಕಿನ ಭಾಗ ಎಂದರು. ಕೋರ್ಟಿನ ಮಾತು ಕಳುವಾದ ಕೂಸಿನ ಮೊಕದ್ದಮೆಯಲ್ಲಿ ಬಂದಿದ್ದರೂ, ಬೆಳಿಗ್ಗೆ ಏಳಕ್ಕೆ ಕೂಸನ್ನು ಬಿಟ್ಟು ಕಾರ್ಖಾನೆಗೆ ಹೋಗುವ ವ್ಯಾನು ಹತ್ತುವವಳಿಗೂ ಅದು ಸಲ್ಲುತ್ತದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಕಾನೂನು ಇದ್ದೂ ಹಾಲು ಏಕೆ ಬತ್ತುತ್ತಿದೆ? ಗಾರ್ಮೆಂಟ್ಸ್ ಒಳಗಿನ ಲೈನ್ ನೋಡಿದವರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದು ಅಂಗಿ ಹತ್ತಾರು ಕೈ ದಾಟಿ ಹೊರಬರುತ್ತದೆ. ಕಾಲರ್ ಕೂರಿಸುವವಳು ಎದ್ದರೆ ಅವಳ ಹಿಂದೆ ಪೀಸುಗಳು ಗುಡ್ಡೆಯಾಗುತ್ತವೆ, ಮುಂದಿನವಳು ಖಾಲಿ ಕೂರುತ್ತಾಳೆ. ಗಂಟೆಗಿಷ್ಟು ಎಂದು ಟಾರ್ಗೆಟ್ ಬೋರ್ಡಿನ ಮೇಲೆ ಬರೆದಿರುತ್ತದೆ. ಸೂಪರ್‌ವೈಸರ್ ಕೆಟ್ಟವನೇ ಆಗಬೇಕಿಲ್ಲ, ಬೋರ್ಡಿನ ಆ ಸಂಖ್ಯೆಗೆ ಅವನೂ ಉತ್ತರ ಹೇಳಬೇಕು. ಹಾಗಾಗಿ ಕಾಗದದ ಮೇಲಿರುವ ವಿರಾಮ ಲೈನಿನಲ್ಲಿ 'ಬೇಗ ಹೋಗಿ ಬಾ' ಎಂಬ ಗೊಣಗಾಟವಾಗುತ್ತದೆ. ಎರಡು ಸಲ ಗೊಣಗಿಸಿಕೊಂಡವಳು ಮೂರನೆಯ ಸಲ ಏಳುವುದಿಲ್ಲ. ಇದಕ್ಕೆ ಪರಿಹಾರ ಉಪದೇಶದಲ್ಲಿ ಇಲ್ಲ. ರಜೆ ಹಾಕಿದವರ ಜಾಗಕ್ಕೆ ಕೂರಲೆಂದು ಎಲ್ಲ ಕೆಲಸ ಬಲ್ಲ ಫ್ಲೋಟರ್‌ಗಳನ್ನು ಕಾರ್ಖಾನೆಗಳು ಈಗಲೂ ಇಟ್ಟುಕೊಂಡಿರುತ್ತವೆ. ಹಾಲುಣಿಸುವ ತಾಯಿ ಇರುವ ಲೈನಿಗೆ ಆ ಹೊತ್ತಿಗೆ ಒಬ್ಬ ಫ್ಲೋಟರ್ ಬಂದು ಕೂತರೆ, ಟಾರ್ಗೆಟ್ಟಿನಲ್ಲಿ ಆ ಅರ್ಧ ಗಂಟೆಯನ್ನು ಮೊದಲೇ ಕಳೆದು ಬರೆದರೆ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ.

ಮಗುವನ್ನು ಕರೆತರಲಾಗದ ತಾಯಿಗೆ ಇನ್ನೊಂದು ದಾರಿ ಇದೆ. ಹಾಲನ್ನು ಹಿಂಡಿ ಇಡುವುದು. ಇದಕ್ಕೆ ಬೇಕಾದದ್ದು ಬಹಳ ಕಡಿಮೆ. ಪರದೆ ಇಳಿಬಿಟ್ಟ ಒಂದು ಮೂಲೆ, ಬೆನ್ನು ಆನಿಸಲು ಒಂದು ಕುರ್ಚಿ, ನಲ್ಲಿ, ಸೋಪು, ಕುದಿಸಿ ಒಣಗಿಸಿದ ಮುಚ್ಚಳದ ಸ್ಟೀಲ್ ಬಟ್ಟಲು. ಯಂತ್ರವೇ ಬೇಕೆಂದಿಲ್ಲ, ಕೈಯಲ್ಲೇ ಹಿಂಡಬಹುದು. ಹೇಗೆಂದು ಒಬ್ಬ ನರ್ಸು ಕಾಲು ಗಂಟೆಯಲ್ಲಿ ಕಲಿಸಬಲ್ಲರು. ಹೀಗೆ ತೆಗೆದ ಹಾಲು ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಕೆಡದೆ ಇರುತ್ತದೆ. ಒಲೆಯ ಮೇಲಿಟ್ಟು ಕಾಯಿಸಬಾರದು. ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟರೆ ಸಾಕು. ಕುಡಿಸಲು ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಮೇಲು. ತೊಳೆಯುವುದು ಸುಲಭ, ಮೂಲೆಯಲ್ಲಿ ಹಾಲು ಕೂತು ಹುಳಿಯುವುದಿಲ್ಲ, ಮಗುವಿಗೆ ರಬ್ಬರ್ ನಿಪ್ಪಲಿನ ರೂಢಿ ಹತ್ತಿ ಎದೆಯನ್ನು ಒಲ್ಲೆನ್ನುವ ತೊಂದರೆಯೂ ಇಲ್ಲ. ಆದರೆ ಇದಕ್ಕೆಲ್ಲ ಜಾಗವೇ ಇಲ್ಲದ ಕಡೆ ಹೆಂಗಸರು ಏನು ಮಾಡುತ್ತಾರೆಂದರೆ, ಎದೆ ಕಲ್ಲಾದಾಗ ಶೌಚಾಲಯಕ್ಕೆ ಹೋಗಿ ಗೋಡೆಗೆ ಹಿಂಡಿ ಬರುತ್ತಾರೆ. ಇದನ್ನು ನನಗೆ ಹೇಳಿದ ಹೆಣ್ಣುಮಗಳು ಹೇಳಿ ಮುಗಿಸುವಷ್ಟರಲ್ಲಿ ಅಳುತ್ತಿದ್ದಳು. ಅವಳ ಮಗುವಿಗೆ ಈಗ ಏಳು ವರ್ಷ.

ಶಿಶುಪಾಲನಾ ಕೇಂದ್ರಗಳ ಕಥೆಗೆ ಬರೋಣ. ದೊಡ್ಡ ಕಾರ್ಖಾನೆಗಳಲ್ಲಿ ಕೇಂದ್ರ ಇರುತ್ತದೆ. ತೊಟ್ಟಿಲು, ಆಯಾ, ಗೋಡೆಯ ಮೇಲೆ ಆನೆ ಜಿಂಕೆ ಚಿತ್ರ ಎಲ್ಲವೂ ಇರುತ್ತವೆ. ಎಷ್ಟೋ ಕಡೆ ಮಕ್ಕಳೇ ಇರುವುದಿಲ್ಲ, ಇದ್ದರೂ ಬೆರಳೆಣಿಕೆ. ಮಾಡಿಟ್ಟರೂ ಯಾರೂ ಬರುವುದಿಲ್ಲವಲ್ಲ ಎಂದು ಆಡಳಿತದವರು ಹೇಳುವುದರಲ್ಲಿ ಸುಳ್ಳಿಲ್ಲ. ಏಕೆ ಬರುವುದಿಲ್ಲ ಎಂಬುದಕ್ಕೆ ಫ್ಯಾಕ್ಟರಿಯ ಗೇಟಿನಲ್ಲಿ ಉತ್ತರ ಸಿಗದು, ಮಾಗಡಿಯ ಹಳ್ಳಿಯೊಂದರ ಅರಳಿಕಟ್ಟೆಯ ಹತ್ತಿರ ಬೆಳಿಗ್ಗೆ ಏಳು ಗಂಟೆಗೆ ನಿಲ್ಲಬೇಕು. ವ್ಯಾನು ಬರುತ್ತದೆ, ಕೂರಬೇಕಾದವರಿಗಿಂತ ಹೆಚ್ಚು ಜನ ತುಂಬಿಕೊಳ್ಳುತ್ತಾರೆ, ಬಾಗಿಲ ಬಳಿ ಇಬ್ಬರು ಬಾಗಿ ನಿಂತಿರುತ್ತಾರೆ. ಆ ವ್ಯಾನಿನಲ್ಲಿ ಒಂದು ಗಂಟೆಯ ದಾರಿಗೆ ಎಂಟು ತಿಂಗಳ ಕೂಸನ್ನು ಯಾವ ತಾಯಿ ಎತ್ತಿಕೊಂಡು ಹೋದಾಳು? ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರು. ರೈಲಿನಲ್ಲಿ ನಿಂತು ಹೋಗುವವರಿಗೂ ಅದೇ ಪ್ರಶ್ನೆ. ಹೀಗಿರುವಾಗ ಕಾರ್ಖಾನೆಯ ಕೇಂದ್ರ ಎಷ್ಟೇ ಚೆನ್ನಾಗಿದ್ದರೂ ಅದು ಪಕ್ಕದ ಬೀದಿಯ ತಾಯಿಗೆ ಮಾತ್ರ. ಇನ್ನು ಕೆಲವೆಡೆ ವರ್ಷ ತುಂಬದ ಕೂಸನ್ನು ತೆಗೆದುಕೊಳ್ಳುವುದೇ ಇಲ್ಲ. ಹಾಲು ಬೇಕಾದ ಮಕ್ಕಳನ್ನೇ ಹೊರಗಿಟ್ಟರೆ ಆ ತೊಟ್ಟಿಲು ಯಾರಿಗೆ?

ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ವಿವೇಕದಿಂದ ಕೂಡಿದೆ. ಕೇಂದ್ರವು ಕೆಲಸದ ಜಾಗದಲ್ಲಾದರೂ ಇರಬಹುದು, ತಾಯಂದಿರು ವಾಸವಿರುವ ಕಡೆಯಾದರೂ ಇರಬಹುದು, 500 ಮೀಟರಿನೊಳಗೆ ಇರಲಿ ಎನ್ನುತ್ತದೆ ಅದು. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ನೋಡಿಕೊಳ್ಳುವವರು ಬೇಕೆಂದೂ ಹೇಳುತ್ತದೆ. ಒಂದೇ ಸಂಸ್ಥೆ ಕಟ್ಟಬೇಕೆಂದೂ ಇಲ್ಲ. ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಕೇಂದ್ರ ನಡೆಸಬಹುದು, ಸರ್ಕಾರದ ಅಥವಾ ನಗರಸಭೆಯ ಕೇಂದ್ರವನ್ನೇ ಬಳಸಿಕೊಳ್ಳಬಹುದು ಎಂದು ಸಾಮಾಜಿಕ ಭದ್ರತಾ ಸಂಹಿತೆಯೂ ಒಪ್ಪುತ್ತದೆ. ಹಾರೋಹಳ್ಳಿ ಮತ್ತು ಬಿಡದಿಯ ಕೈಗಾರಿಕಾ ಪ್ರದೇಶಗಳಿಗೆ ಈ ಒಂದು ಸಾಲು ಸಾಕು. ಅಲ್ಲಿ ಒಂದು ಶೆಡ್ಡಿಗೆ ಇನ್ನೊಂದು ಶೆಡ್ಡು ಅಂಟಿಕೊಂಡಿದೆ. ರಸ್ತೆ, ನೀರು, ಚರಂಡಿಗೆ ಜಾಗ ಬಿಡುವ ಹಾಗೆಯೇ ಕೂಸುಗಳಿಗೂ ಒಂದು ನಿವೇಶನವನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ನಕ್ಷೆಯಲ್ಲೇ ಗುರುತಿಸಲಿ. ಸುತ್ತಲಿನ ಘಟಕಗಳು ಖರ್ಚು ಹಂಚಿಕೊಳ್ಳಲಿ.

ಖರ್ಚು ಯಾರದ್ದು ಎಂಬ ಮಾತು ಇಲ್ಲಿ ಬರಲೇಬೇಕು. ರಜೆಯ ಸಂಬಳದ ಹೊರೆ ಮಾಲೀಕರ ಮೇಲೆ ಬೀಳುತ್ತದೆ ಎಂಬ ದೂರು ಗಾರ್ಮೆಂಟ್ಸ್ ಮಟ್ಟಿಗೆ ಅಷ್ಟು ಸರಿಯಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಯಲ್ಲಿ ಬರುತ್ತಾರೆ, ಅವರ 26 ವಾರದ ಹಣವನ್ನು ಇಎಸ್‌ಐ ಕೊಡುತ್ತದೆ. ಅದಕ್ಕಾಗಿ ಮಾಲೀಕರು ಸಂಬಳದ ಶೇ 3.25, ಕಾರ್ಮಿಕರು ಶೇ 0.75 ಮೊದಲೇ ಕಟ್ಟಿರುತ್ತಾರೆ. ಆದರೆ ಶಿಶುಪಾಲನಾ ಕೇಂದ್ರಕ್ಕೆ ಇಂಥ ನಿಧಿ ಇಲ್ಲ, ಅದು ಪೂರ್ತಿ ಮಾಲೀಕರ ತಲೆಗೆ. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ, ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಹೊರೆಯ ಹೆಚ್ಚಿನ ಪಾಲು ಸರ್ಕಾರದ್ದು, ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕರೂ ಪಾಲು ಕೊಡಬೇಕು ಎಂದು ವಾದಿಸಿದ್ದರು. ಸುಮಾರು ನೂರು ವರ್ಷದ ಹಿಂದಿನ ಆ ಲೆಕ್ಕವೇ ಇವತ್ತಿಗೂ ಸರಿ ಎಂದು ನನಗೆ ಅನ್ನಿಸುತ್ತದೆ. ಕಟ್ಟಡ ಸರ್ಕಾರದ್ದು, ನಡೆಸುವ ಖರ್ಚು ಮಾಲೀಕರದ್ದು ಎಂದಾದರೆ ಸಣ್ಣ ಘಟಕವೂ ಹಿಂಜರಿಯುವುದಿಲ್ಲ. ಕೇಂದ್ರ ಇಲ್ಲದಿದ್ದಾಗ ಆಗುವ ನಷ್ಟವನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಸಿಗಾಗಿ ಕೆಲಸ ಬಿಟ್ಟ ಟೈಲರ್ ಎರಡು ವರ್ಷ ಕಳೆದು ಹೊಸಬಳಾಗಿ ಸೇರುತ್ತಾಳೆ. ಗ್ರಾಚ್ಯುಟಿಗೆ ಕಾಯಂ ನೌಕರರಿಗೆ ಬೇಕಾದ ಸತತ 5 ವರ್ಷದ ಸೇವೆ ಮತ್ತೆ ಒಂದರಿಂದ ಶುರು. ಕಾರ್ಖಾನೆ ಕೂಡ ಕೈ ಪಳಗಿದವಳನ್ನು ಕಳೆದುಕೊಂಡು ಹೊಸಬಳಿಗೆ ಕಾಲರ್ ಕೂರಿಸುವುದನ್ನು ಮೊದಲಿಂದ ಕಲಿಸುತ್ತದೆ.

ಇಷ್ಟು ಹೊತ್ತು ಹೇಳಿದ್ದು 50ರ ಗೆರೆಯ ಮೇಲಿನವರ ಮಾತು. ಇನ್ನು ಗೆರೆಯ ಕೆಳಗಿನವರತ್ತ ಬರೋಣ. ಚನ್ನಪಟ್ಟಣ, ಮಾಗಡಿಗಳಿರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿತು, ಆದರೆ ರಾಮನಗರ ಎಂದರೆ ಇಂದಿಗೂ ಜನರಿಗೆ ರೇಷ್ಮೆಗೂಡಿನ ಮಾರುಕಟ್ಟೆಯೇ. ಆ ಗೂಡು ಹೋಗುವುದು ಸುತ್ತಲಿನ ನೂಲು ಬಿಚ್ಚಾಣಿಕೆ ಘಟಕಗಳಿಗೆ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಬೇಸಿನ್ ಇಟ್ಟುಕೊಂಡವರಿದ್ದಾರೆ, ಇಪ್ಪತ್ತು ಮೂವತ್ತು ಜನರನ್ನಿಟ್ಟ, ಫಿಲೇಚರ್ ಎಂಬ ದೊಡ್ಡ ಘಟಕಗಳೂ ಇವೆ. ಹಿಂದಿನ ಕಾಯ್ದೆ 30 ಹೆಂಗಸರನ್ನು ಎಣಿಸುತ್ತಿತ್ತು, ಈಗಿನದು ಗಂಡಸರನ್ನೂ ಸೇರಿಸಿ 50 ಜನರನ್ನು ಎಣಿಸುತ್ತದೆ. ಹೆಂಗಸರನ್ನಷ್ಟೇ ಎಣಿಸಿದರೆ ಅವರ ಸಂಖ್ಯೆಯನ್ನು 30ರೊಳಗೇ ಇಡುವ ಆಸೆ ಮಾಲೀಕರಿಗೆ ಹುಟ್ಟುತ್ತಿತ್ತು, ಆ ದೃಷ್ಟಿಯಿಂದ ಹೊಸ ಎಣಿಕೆ ಒಳ್ಳೆಯದೇ. ಆದರೆ 35 ಹೆಂಗಸರು, 10 ಗಂಡಸರು ಇರುವ ಫಿಲೇಚರ್ ಹಳೆಯ ಲೆಕ್ಕದಲ್ಲಿ ಒಳಗಿತ್ತು, ಹೊಸ ಲೆಕ್ಕದಲ್ಲಿ ಹೊರಗೆ. ಅದಕ್ಕಿಂತ ಚಿಕ್ಕವು ಎಂದೂ ಒಳಗೆ ಇರಲೇ ಇಲ್ಲ. ದಿನಗೂಲಿಯ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ, ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಕೆಲಸಗಾರ್ತಿಯರ ಮೊಕದ್ದಮೆಯಲ್ಲಿ ಹೇಳಿದ್ದು ಹೌದು. ಹಾಜರಿ ಪುಸ್ತಕವೇ ಇಲ್ಲದ ಶೆಡ್ಡಿಗೆ ಆ ತೀರ್ಪು ತಲುಪುವ ದಾರಿ ಯಾವುದು?

ಅಂಥದೊಂದು ಶೆಡ್ಡಿನೊಳಗೆ ಹೋಗಿದ್ದೆ. ಕುದಿನೀರಿನ ಹಬೆ, ಬೆಂದ ಹುಳುವಿನ ವಾಸನೆ, ಒದ್ದೆ ನೆಲ. ಬೇಸಿನ್ನಿನ ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ ಆ ಹೆಂಗಸಿನ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಅವಳ ತಲೆಯ ಹಿಂದೆ ತೊಲೆಗೆ ಸೀರೆಯ ಜೋಲಿ ಕಟ್ಟಿತ್ತು, ಅದರೊಳಗೆ ನಾಲ್ಕು ತಿಂಗಳ ಕೂಸು. ಜೋಲಿಯಿಂದ ಒಂದು ಹಗ್ಗ ಇಳಿದು ಅವಳ ಕಾಲ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಕೈ ಎಳೆ ಹಿಡಿಯುತ್ತಿತ್ತು, ಕಾಲು ತೂಗುತ್ತಿತ್ತು. ಕೂಸು ಅತ್ತಾಗ ಕೈ ತೊಳೆದು, ಸೆರಗಿಗೆ ಒರೆಸಿ, ಮೂಸಿ ನೋಡಿಕೊಂಡು, ಮತ್ತೊಮ್ಮೆ ತೊಳೆದು ಎತ್ತಿಕೊಂಡಳು. ಗಾರ್ಮೆಂಟ್ಸ್‌ನವಳಿಗೆ ಇಲ್ಲದ ಭಾಗ್ಯ ಇವಳಿಗಿದೆ, ಮಗು ಎದುರಿಗೇ ಇದೆ, ಹಾಲು ಬತ್ತಿಲ್ಲ. ಆದರೆ ಆ ಹಬೆಯನ್ನು ಕೂಸು ದಿನವಿಡೀ ಉಸಿರಾಡುತ್ತದೆ. ತೆವಳಲು ಶುರು ಮಾಡಿದ ದಿನದಿಂದ ಕುದಿನೀರಿನ ಭಯ. ಆಗ ಕೂಸನ್ನು ಕಂಕುಳಿಗೆ ಹಾಕಿಕೊಳ್ಳಲು ಶಾಲೆಯಿಂದ ಅದರ ಅಕ್ಕನನ್ನು ಬಿಡಿಸುತ್ತಾರೆ. ಇದು ಈ ಬೀದಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಈ ಶೆಡ್ಡುಗಳು ಒಂದೇ ಬಡಾವಣೆಯಲ್ಲಿ ಗುಂಪಾಗಿರುವುದೇ ಇಲ್ಲಿನ ಅನುಕೂಲ. ಹತ್ತು ಘಟಕಕ್ಕೆ ಒಂದು ಕೋಣೆ, ಹಬೆಯಿಂದ ದೂರ, ತಾಯಿ ಐದು ನಿಮಿಷದಲ್ಲಿ ನಡೆದು ಬರುವಷ್ಟು ಹತ್ತಿರ. ರೇಷ್ಮೆ ಇಲಾಖೆ, ನಗರಸಭೆ, ರೀಲರ್‌ಗಳ ಸಂಘ ಮೂವರೂ ಒಟ್ಟಿಗೆ ಕೂತರೆ ಆಗುವ ಕೆಲಸ. ಚನ್ನಪಟ್ಟಣದಲ್ಲಿ ಆಲೆಮರದ ಕೊರಡನ್ನು ತಿರುಗಣಿಗೆ ಹಾಕಿ ಆಟಿಕೆಗಳಿಗೆ ಅರಗಿನ ಬಣ್ಣ ಹಚ್ಚುವ ಹೆಣ್ಣುಮಕ್ಕಳಿಗೂ ಇದೇ ಮಾದರಿ ಹೊಂದುತ್ತದೆ. ಗಿಲಕಿ ಮಾಡುವ ಕೋಣೆಯ ಮರದ ಪುಡಿ ಕೂಸಿನ ಎದೆಗೆ ಒಳ್ಳೆಯದಲ್ಲ.

ಹಳ್ಳಿಗಳ ಮಟ್ಟಿಗೆ ರಾಜ್ಯ ಸರ್ಕಾರ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು 2023ರಲ್ಲಿ ಘೋಷಿಸಿತು. ಹೆಸರೇ ಎಷ್ಟು ಚೆನ್ನಾಗಿದೆ. ಮೂರು ವರ್ಷ ತುಂಬುವವರೆಗೆ ಅಂಗನವಾಡಿಗೂ ಸೇರದ, ಕೆಲಸಕ್ಕೂ ಒಯ್ಯಲಾಗದ ಮಕ್ಕಳಿಗೆ ಹಳ್ಳಿಯಲ್ಲೇ ಒಂದು ಸೂರು. ಮಾಗಡಿ, ಕನಕಪುರದ ಹಳ್ಳಿಗಳಿಂದ ವ್ಯಾನು ಹತ್ತುವ ತಾಯಿಗೂ ಈ ಮನೆಯ ಬಾಗಿಲು ತೆರೆದರೆ, ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸಲು ಅಲ್ಲಿನ ಆರೈಕೆದಾರರಿಗೆ ಕಲಿಸಿದರೆ, ಅದರ ಖರ್ಚಿಗೆ ಅವಳ ಕಾರ್ಖಾನೆ ತನ್ನ ಪಾಲು ಕಟ್ಟಿದರೆ, 500 ಮೀಟರಿನ ಮಾತು ನಿಜವಾಗುತ್ತದೆ. ಅಡ್ಡಿ ಇರುವುದು ಹೊತ್ತಿನದ್ದು. ವ್ಯಾನು ಏಳಕ್ಕೆ ಹೊರಟು ಸಂಜೆ ಏಳಕ್ಕೆ ತಿರುಗಿ ಬರುತ್ತದೆ. ಅಂಗನವಾಡಿ ಬೆಳಿಗ್ಗೆ ಒಂಬತ್ತೂವರೆಗೆ ತೆರೆದು ನಾಲ್ಕಕ್ಕೆ ಮುಚ್ಚುತ್ತದೆ. ಕೂಸಿನ ಮನೆಯೂ ಕೂಲಿಯ ಹೊತ್ತಿಗೆ ಹೊಂದಿಕೊಂಡದ್ದು, ಶಿಫ್ಟಿಗೆ ಅಲ್ಲ. ಇಬ್ಬರು ಆರೈಕೆದಾರರನ್ನು ಎರಡು ಪಾಳಿಯಲ್ಲಿ ಹಾಕುವುದು, ಅವರಿಗೆ ಆ ಹೆಚ್ಚಿನ ಹೊತ್ತಿನ ಸಂಬಳ ಕೊಡುವುದು ಬಿಟ್ಟು ಇದಕ್ಕೆ ಬೇರೆ ಮದ್ದಿಲ್ಲ.

ರಾಮನಗರದ ಆ ಶೆಡ್ಡಿನಲ್ಲಿ ಕೂಸು ಹಾಲು ಕುಡಿದು ಮುಗಿಸುವವರೆಗೆ ನಾನು ಹತ್ತು ಘಟಕಕ್ಕೊಂದು ಕೋಣೆಯ ವಿಚಾರವನ್ನೇ ಅವಳಿಗೆ ಹೇಳುತ್ತಿದ್ದೆ. ಬೀದಿಯ ಕೊನೆಯಲ್ಲಿ ಒಂದು ಜಾಗ, ನೋಡಿಕೊಳ್ಳಲು ಇಬ್ಬರು, ಅತ್ತರೆ ಬಂದು ಕರೆಯುತ್ತಾರೆ ಎಂದೆಲ್ಲ. ಅವಳು ದುಡ್ಡೆಷ್ಟು ಎಂದು ಕೇಳಲಿಲ್ಲ, ಯಾರು ಕಟ್ಟಿಸುತ್ತಾರೆ ಎಂದೂ ಕೇಳಲಿಲ್ಲ. ಕೂಸನ್ನು ಜೋಲಿಗೆ ಇಳಿಸಿ, ಹಗ್ಗವನ್ನು ಮತ್ತೆ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು: "ಬಾಗಿಲು ಎಷ್ಟು ಗಂಟೆಗೆ ತೆಗೀತಾರಕ್ಕ? ನಾವು ಏಳಕ್ಕೆಲ್ಲ ಬೇಸಿನ್ ಮುಂದೆ ಕೂತಿರ್ಬೇಕು."